ಮೀನು ತೋರಿಸುವ ಪುಟ್ಟಯ್ಯ

ಬೆಳಗಿನ ಐದೂಮುಕ್ಕಾಲು. ನರಸಿಂಹರಾಜಪುರದಿಂದ ಆಚೆ, ಭದ್ರಾ ಹಿನ್ನೀರಿನ ದಡದಲ್ಲಿ ಪುಟ್ಟಯ್ಯ ದೋಣಿಯೊಳಗೆ ನಿಂತ ನೀರನ್ನು ಪ್ಲಾಸ್ಟಿಕ್ ಚೊಂಬಿನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಾರೆ. ತಲೆಗೆ ಮಫ್ಲರ್, ಮೈಮೇಲೆ ಮಗ ಸತೀಶ ಹಾಕಿ ಬಿಟ್ಟ ಜರ್ಕಿನ್, ಕೆಳಗೆ ಮಂಡಿವರೆಗೆ ಎತ್ತಿ ಕಟ್ಟಿದ ಪಂಚೆ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಹತ್ತು ಮಾರು ದೂರದ ಒಣಮರದ ಮೇಲೆ ಕೂತ ನೀರುಕಾಗೆ ಕೆಮ್ಮಿದಂತೆ ಕೂಗುವುದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಚೊಂಬು ಕೆಳಗಿಟ್ಟು ಪುಟ್ಟಯ್ಯ ಬರಿಗಾಲಲ್ಲಿ ನೀರಿಗಿಳಿಯುತ್ತಾರೆ. ಮಗುವಿನ ಜ್ವರ ನೋಡುವವರ ಹಾಗೆ ಅಂಗೈಯನ್ನು ನೀರೊಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ.

"ಬಿಸಿಲು ಹತ್ತೋ ತನಕ ಇವತ್ತು ಮೇಲೆ ಬರಲ್ಲ. ತಳದಲ್ಲೇ ಮುದುರಿಕೊಂಡು ಇರ್ತಾವೆ. ಚಹ ಕುಡಿದುಕೊಂಡೇ ಹೋಗಾಣ, ಅವಸರ ಎಂತದೂ ಇಲ್ಲ" ಎನ್ನುತ್ತಾರೆ. ಹೇಳುವುದು ಮೀನಿನ ವಿಷಯ. ಅವರ ಬಾಯಲ್ಲಿ ಮೀನು ಅಂದರೆ ಪಕ್ಕದ ಮನೆಯವರ ಸುದ್ದಿ ಇದ್ದ ಹಾಗೆ. ಯಾವ ಹೊತ್ತಿಗೆ ಏಳುತ್ತವೆ, ಯಾವ ಮೂಲೆಯಲ್ಲಿ ಬಿಸಿಲು ಕಾಯಿಸುತ್ತವೆ, ಯಾವುದಕ್ಕೆ ಹೆದರುತ್ತವೆ ಎಲ್ಲವೂ ಗೊತ್ತು.

ಪುಟ್ಟಯ್ಯನವರಿಗೆ ಈಗ ಅರವತ್ತೊಂದು. ದಡದ ಮೇಲಿರುವ ಲಕ್ಷ್ಮೀಶ ಅವರ ಹೋಂಸ್ಟೇಗೆ ಫ್ಲೈ ಫಿಶಿಂಗ್ ಮಾಡಲು ಬರುವವರನ್ನು ದೋಣಿಯಲ್ಲಿ ಕೂರಿಸಿಕೊಂಡು ಮೀನಿರುವ ಜಾಗಕ್ಕೆ ಕರೆದೊಯ್ಯುವುದು ಅವರ ಕೆಲಸ. ಈ ಫ್ಲೈ ಫಿಶಿಂಗ್ ಎನ್ನುವುದರಲ್ಲಿ ಎರೆಹುಳವೂ ಇಲ್ಲ, ಹಿಟ್ಟಿನುಂಡೆಯೂ ಇಲ್ಲ. ಗಾಳಕ್ಕೆ ಹಕ್ಕಿಯ ಗರಿ, ಬಣ್ಣದ ನೂಲು ಸುತ್ತಿ ಹುಳದ ವೇಷ ಹಾಕುತ್ತಾರೆ. ಬಳುಕುವ ಕೋಲಿನಿಂದ ಉದ್ದನೆಯ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಹುಳ ತಾನಾಗಿಯೇ ಹಾರಿಬಂದು ನೀರ ಮೇಲೆ ಕೂತಂತೆ ಇಳಿಸುತ್ತಾರೆ. ಮೀನು ಮೋಸಹೋಗಿ ಬಾಯಿ ಹಾಕಿದರೆ ಎಳೆದು, ಒಂದು ಫೋಟೊ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಲಕ್ಷ್ಮೀಶರದು ಶುದ್ಧ ಸಸ್ಯಾಹಾರಿ ಮನೆ, ಹಾಗಾಗಿ ಹಿಡಿದ ಮೀನನ್ನು ಬಿಟ್ಟೇ ಬರಬೇಕೆಂಬುದು ಅಲ್ಲಿ ಬೋರ್ಡಿನಲ್ಲಿ ಬರೆದ ನಿಯಮ. ದಡದ ಮೆಟ್ಟಿಲಿನಿಂದ ಮೇಲಕ್ಕೆ ಒಂದು ಪೊರೆಯೂ ಹತ್ತುವ ಹಾಗಿಲ್ಲ.

ಊರಿನವರಿಗೆ ಇದು ಇವತ್ತಿಗೂ ನಗೆಪಾಟಲು. ಮೀನು ಹಿಡಿದು ಬಿಡುವುದಂತೆ, ಅದಕ್ಕೊಂದು ದೋಣಿಯಂತೆ, ದೋಣಿಗೊಬ್ಬ ಪುಟ್ಟಯ್ಯನಂತೆ ಎಂದು ಚಹದಂಗಡಿಯಲ್ಲಿ ಕಾಲೆಳೆಯುತ್ತಾರೆ. ಪುಟ್ಟಯ್ಯನವರೂ ಮೊದಲು ನಕ್ಕವರೇ. ಆಮೇಲೆ ತಮಗೆ ತಾವೇ ಒಂದು ಸಮಾಧಾನ ಕಂಡುಕೊಂಡಿದ್ದಾರೆ. ಮಗಳು ಕುಸುಮಾಳನ್ನು ಕಿಗ್ಗಕ್ಕೆ ಕೊಟ್ಟ ವರ್ಷ ಬೀಗರ ಜೊತೆ ಶೃಂಗೇರಿಗೆ ಹೋಗಿದ್ದರು. ಅಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಜನ ಮೀನಿಗೆ ಮಂಡಕ್ಕಿ ಹಾಕುವುದನ್ನು ನೋಡಿದ್ದರು. "ಅಲ್ಲಿ ನೋಡೋದಷ್ಟೇ, ಮುಟ್ಟೋ ಹಾಗಿಲ್ಲ. ಇದು ಮುಟ್ಟಿ ಬಿಡೋದು. ಅದರ ತಮ್ಮ ಇರಬೇಕು ಇದು ಅಂದ್ಕೊಂಡೆ" ಎನ್ನುತ್ತಾರೆ.

ಆದರೆ ಮೀನು ಎಲ್ಲಿದೆ ಎಂದು ಗೊತ್ತಾಗುವುದಾದರೂ ಹೇಗೆ? ಮೂವತ್ತು ನಲವತ್ತು ಅಡಿ ನೀರು, ಎತ್ತ ನೋಡಿದರೂ ಒಂದೇ ಸಮ. ಪುಟ್ಟಯ್ಯನವರಿಗೆ ಅದು ನೀರಾಗಿ ಕಾಣುವುದೇ ಇಲ್ಲ. "ಇಲ್ಲಿ ಗಾಡಿದಾರಿ" ಎನ್ನುತ್ತಾರೆ ಹುಟ್ಟು ಹಾಕುತ್ತಾ. ಸ್ವಲ್ಪ ಮುಂದೆ ಹೋದರೆ ಒಡೆಯರ ಕಣ, ಅದರ ಎಡಕ್ಕೆ ಕಲ್ಲು ಕಟ್ಟಿದ ಬಾವಿ, ಬಾವಿಯಾಚೆ ಸಾಲಾಗಿ ಹಲಸಿನ ಬುಡಗಳು. ಅಣೆಕಟ್ಟು ಬಂದು ಮುಳುಗಿದ ಊರು ಅದು. ಪುಟ್ಟಯ್ಯ ಹುಟ್ಟಿದ್ದು ಮುಳುಗಡೆಯ ನಂತರ. ಅವರ ಅಪ್ಪ ಅಮ್ಮ ಆ ಗದ್ದೆಗಳಲ್ಲಿ ನೆಟ್ಟಿ ಮಾಡಿದವರು, ಒಂದು ಗುಂಟೆಯೂ ಸ್ವಂತದ್ದಲ್ಲ. ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ, ಎತ್ತರದ ಜಾಗ ನೋಡಿ ಗುಡಿಸಲು ಹಾಕಿಕೊಂಡರು.

ಪ್ರತಿ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಪುಟ್ಟಯ್ಯ ಕೋಲೂರಿಕೊಂಡು ಆ ಬಯಲಿಗೆ ಇಳಿಯುತ್ತಾರೆ. ಹತ್ತು ಹದಿನೈದು ದಿನ ಅದೇ ಕೆಲಸ. ಯಾವ ಬುಡ ಕೊಳೆತು ಬಿತ್ತು, ಯಾವ ಹೊಂಡದಲ್ಲಿ ಹೂಳು ತುಂಬಿತು, ಬಾವಿಯ ಕಟ್ಟೆ ಇನ್ನೂ ನಿಂತಿದೆಯೇ, ಎಲ್ಲವನ್ನೂ ನಡೆದು, ಮುಟ್ಟಿ ನೋಡುತ್ತಾರೆ. ದಡದ ಯಾವ ಮರದಿಂದ ಯಾವ ಗುಡ್ಡಕ್ಕೆ ಗೆರೆ ಎಳೆದರೆ ಆ ಬಾವಿ ಸಿಗುತ್ತದೆ ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳುತ್ತಾರೆ. ಮಳೆಗಾಲ ಮುಗಿದು ನೀರು ತುಂಬಿದ ಮೇಲೆ ಆ ಗುರುತುಗಳ ಮೇಲೆಯೇ ದೋಣಿ ಹೋಗುತ್ತದೆ. ಮೀನು ಬಯಲಲ್ಲಿ ಇರುವುದಿಲ್ಲವಂತೆ. ಬುಡ, ಗೋಡೆ, ಕಟ್ಟೆ ಇದ್ದಲ್ಲೇ ಮನೆ ಮಾಡುತ್ತದಂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮನುಷ್ಯನ ತಲೆಯೊಳಗೆ ಎಷ್ಟು ದೊಡ್ಡ ನಕ್ಷೆ ಇದೆ ಎಂದು ಅಳೆದವರು ಯಾರೂ ಇಲ್ಲ.

ಈ ಕೆಲಸಕ್ಕೆ ಬರುವ ಮೊದಲು ನಲವತ್ತು ವರ್ಷ ಅವರು ಮಾಡದ ಕೂಲಿಯಿಲ್ಲ. ಕೊಪ್ಪದ ಕಡೆ ಎಸ್ಟೇಟಿನಲ್ಲಿ ಕಾಫಿ ಮೂಟೆ ಹೊತ್ತರು, ಮೆಣಸೆಯಲ್ಲಿ ಮನೆ ಕಟ್ಟುವವರಿಗೆ ಕಲ್ಲು ಹೊತ್ತರು, ಲಾರಿಗೆ ಗೊಬ್ಬರ ಹೊತ್ತರು. ಹೊತ್ತೂ ಹೊತ್ತೂ ಎರಡು ಮಂಡಿಯೂ ಸವೆದವು. ಇನ್ನು ಭಾರ ಎತ್ತಿದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದು ಮೂರು ವರ್ಷದ ಹಿಂದೆ. ಅದೇ ಹೊತ್ತಿಗೆ ಲಕ್ಷ್ಮೀಶ ಹೊಸ ಫೈಬರ್ ದೋಣಿ ತಂದಿದ್ದರು. ಕೂತು ಮಾಡುವ ಕೆಲಸ, ಹುಟ್ಟು ಹಾಕಲು ಮಂಡಿ ಬೇಡ. ಪುಟ್ಟಯ್ಯ ತಾವಾಗಿಯೇ ಹೋಗಿ ಕೇಳಿದರು. ಲಕ್ಷ್ಮೀಶ ಒಪ್ಪಿದ್ದು ಅರೆಮನಸ್ಸಿನಿಂದಲೇ. ಹೊರಗಿನಿಂದ ಟ್ರೈನಿಂಗ್ ಆದ ಗೈಡನ್ನೇ ಕರೆಸಬೇಕೆಂದು ಅವರಿಗಿತ್ತು. ಮೊದಲು ಬರುವ ಅತಿಥಿಗೆ ಮೂರು ದಿನ ತೋರಿಸು, ಅವರು ಮೆಚ್ಚಿದರೆ ಇಡೀ ಸೀಸನ್ನು ನಿನ್ನದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಮೊದಲೇ ಹೇಳಿಬಿಟ್ಟರು. ಮೂರು ದಿನ ಕೈಕೊಟ್ಟರೆ ಮತ್ತೆ ಮೂಟೆಗೇ ಹೋಗಬೇಕು, ಹೊರಲು ಮಂಡಿ ಒಪ್ಪುವುದಿಲ್ಲ. ಅಂಥ ಇಕ್ಕಟ್ಟು.

ಬಂದವರು ಶಿವಮೊಗ್ಗದ ಸರ್ವಮಂಗಳಾ. ಅಂಚೆ ಇಲಾಖೆಯಿಂದ ನಿವೃತ್ತರಾದವರು, ಅರವತ್ತರ ಹತ್ತಿರದ ವಯಸ್ಸು, ಮೀನು ತಿನ್ನುವವರಲ್ಲ. ಅಣ್ಣನ ಜೊತೆ ಹಿಮಾಚಲದ ಹೊಳೆಗಳಲ್ಲಿ ಗರಿಗಾಳ ಬೀಸುವುದನ್ನು ಕಲಿತಿದ್ದರು. ಅಲ್ಲಿ ಗೈಡನ್ನು ಹುಡುಕುವುದು, ಕೂಲಿ ಮಾತಾಡುವುದು, ಕೊನೆಗೆ ಟಿಪ್ಸ್ ಕೊಡುವುದು ಎಲ್ಲ ಅಣ್ಣನ ವ್ಯವಹಾರ. ತಾವೇ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡು ಬಂದದ್ದು ಇದೇ ಮೊದಲು. ಅವರೊಳಗೂ ಒಂದು ಅಳುಕಿತ್ತು ಎನ್ನುವುದು ಪುಟ್ಟಯ್ಯನವರಿಗೆ ಗೊತ್ತಾದದ್ದು ಆಮೇಲೆ. "ನಮ್ಮಿಬ್ಬರಿಗೂ ಅವತ್ತು ಪರೀಕ್ಷೆ. ನಂಗೆ ಮಾತ್ರ ಅಂತ ನಾನು ಅಂದ್ಕೊಂಡಿದ್ದೆ" ಎಂದು ಈಗ ನಗುತ್ತಾರೆ.

ಮೊದಲ ದಿನ ಬೆಳಗ್ಗೆಯೆಲ್ಲ ಬರಿಗೈ. ಸರ್ವಮಂಗಳಾ ಡಬ್ಬಿಯೊಳಗಿನ ಒಂದೊಂದೇ ಹುಳ ಬದಲಿಸಿ ಬೀಸಿದರು, ಮೀನು ಮೂಸಿಯೂ ನೋಡಲಿಲ್ಲ. ಆಮೇಲೆ ಪುಟ್ಟಯ್ಯ ದೋಣಿಯನ್ನು ದಡದ ಅತ್ತಿಮರದ ಕೆಳಗೆ ತಂದು ನಿಲ್ಲಿಸಿದರು. ಹಣ್ಣಾದ ಅತ್ತಿಕಾಯಿ ಆಗೊಂದು ಈಗೊಂದು ನೀರಿಗೆ ಬೀಳುತ್ತಿತ್ತು, ಬಿದ್ದಲ್ಲಿ ನೀರು ಒಳಗೆಳೆದುಕೊಂಡಂತೆ ಸುಳಿಯುತ್ತಿತ್ತು. ಹುಳ ಬೇಡ, ಹಣ್ಣಿನ ಹಾಗಿರುವುದು ಏನಾದರೂ ಇದೆಯೇ ಎಂದು ಕೇಳಿದರು. ಸರ್ವಮಂಗಳಾ ಒಂದು ಕ್ಷಣ ಅವರ ಮುಖ ನೋಡಿ, ತಮ್ಮ ಶಾಲಿನ ಕುಚ್ಚಿನಿಂದ ಕೆಂಪು ಉಣ್ಣೆ ಕಿತ್ತು ಗಾಳಕ್ಕೆ ಉಂಡೆಯಾಗಿ ಸುತ್ತಿದರು. ಎರಡನೇ ಸಲ ಬೀಸಿದ್ದಕ್ಕೇ ಮೀನು ಕಚ್ಚಿತು. ಬಿಳಿಮೀನು, ಹೊರಗಿನವರು ಮಹಶೀರ್ ಎನ್ನುತ್ತಾರಲ್ಲ, ಅದು. ಇಪ್ಪತ್ತು ನಿಮಿಷ ಎಳೆದಾಡಿಸಿತು. ಪುಟ್ಟಯ್ಯ ಕೈ ಒದ್ದೆ ಮಾಡಿಕೊಂಡು ಅದನ್ನು ನೀರೊಳಗೇ ಹಿಡಿದು, ಉಸಿರು ಸರಿಯಾಗುವ ತನಕ ಕಾದು, ಬಿಟ್ಟರು. ಸಂಜೆಯೊಳಗೆ ಅಂಥದೇ ಇನ್ನೊಂದು ಸಿಕ್ಕಿತು.

ದೋಣಿ ದಡ ಹತ್ತಿದಾಗ ಸರ್ವಮಂಗಳಾ ಸಂತೋಷದಲ್ಲಿದ್ದರು. ಟಿಪ್ಸ್ ಎಷ್ಟು ಕೊಡಬೇಕೆಂದು ಹಿಂದಿನ ದಿನವೇ ಲಕ್ಷ್ಮೀಶರನ್ನು ಕೇಳಿದ್ದರು, ಅದೆಲ್ಲ ನಿಮ್ಮಿಷ್ಟ ಎಂಬ ಉತ್ತರ ಸಿಕ್ಕಿತ್ತು. ಮೊಬೈಲಿನಲ್ಲಿ ಹುಡುಕಿದರೆ ಕೂಲಿಯ ಐದರಲ್ಲೊಂದು ಪಾಲು ಎಂದು ಹೊರದೇಶದ ಲೆಕ್ಕ. ಅದು ತೀರಾ ಕಡಿಮೆ ಅನ್ನಿಸಿ, ಎರಡು ಐನೂರರ ನೋಟು ಮಡಿಸಿ ಪುಟ್ಟಯ್ಯನವರ ಕೈಗಿಟ್ಟರು. ಹೋಂಸ್ಟೇಯವರು ಅದರಲ್ಲೂ ಪಾಲು ಕೇಳಿಯಾರು ಎಂಬ ಅನುಮಾನದಿಂದ ದನಿ ತಗ್ಗಿಸಿ ಒಂದು ಮಾತು ಹೇಳಿದರು: "ಇದು ನಿಮಗೆ. ಲಕ್ಷ್ಮೀಶರಿಗೆ ಹೇಳುವುದು ಬೇಡ."

ಎಡವಟ್ಟಾದದ್ದು ಇಲ್ಲಿ. ಈ ದಡದಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿದೆ. ಸಂಜೆ ದೋಣಿ ದಡ ಹತ್ತುವಾಗ ಯಾರಾದರೂ ದೋಣಿಯವನ ಕೈಗೆ ದುಡ್ಡಿಟ್ಟರೆ ಅದು ಮರುದಿನದ ಮೀನಿಗೆ ಮುಂಗಡ. ಚೀಟಿಯಿಲ್ಲ, ಹೆಚ್ಚು ಮಾತೂ ಇಲ್ಲ. ಬೆಳಗಾಗುವುದರೊಳಗೆ ಆ ದುಡ್ಡಿನ ಮೀನು ಕೊಟ್ಟವರ ಬಾಗಿಲಲ್ಲಿರಬೇಕು. ಇಟ್ಟವರಿಗೆ ಮೀನು ಮುಟ್ಟಲಿಲ್ಲ ಎಂದರೆ ಅವನ ಹೆಸರು ದಡದಲ್ಲೆಲ್ಲ ಕೆಟ್ಟುಹೋಗುತ್ತದೆ. ದಿನದ ಕೂಲಿ ಏಳುನೂರನ್ನು ಲಕ್ಷ್ಮೀಶ ಆಗಲೇ ಕೊಟ್ಟಾಗಿದೆ. ಹಾಗಿರುವಾಗ ಮತ್ತೆ ಸಾವಿರ ಯಾತಕ್ಕೆ? ಮೀನಿಗಲ್ಲದೆ ಇನ್ನೆಂತಕ್ಕೆ? ಅದೂ ಲಕ್ಷ್ಮೀಶರಿಗೆ ಹೇಳಬೇಡಿ ಎಂದ ಮೇಲೆ ಸಂಶಯವೇ ಉಳಿಯಲಿಲ್ಲ. ಪಾಪ, ಅಷ್ಟು ಚಂದದ ಎರಡು ಮೀನನ್ನು ಆ ಮನೆಯ ನಿಯಮಕ್ಕೆ ಹೆದರಿ ಬಿಟ್ಟರು, ಮನೆಗೆ ಒಯ್ಯಲು ಆಸೆಯಿರಬೇಕು ಎಂದುಕೊಂಡರು ಪುಟ್ಟಯ್ಯ. ಹೆಂಡತಿ ಕಮಲಕ್ಕನಿಗೂ ಹಾಗೆಯೇ ಕಂಡಿತು. ಎಂಥ ಮೀನೆಂದು ಹೇಳಿಲ್ಲ ಎಂದ ಮೇಲೆ ದೊಡ್ಡದೇ ಇರಲಿ ಎಂದು ಅವರೂ ಸೇರಿಸಿದರು.

ಮರುದಿನ ಮುಂಜಾನೆ ಅದೇ ದಡದ ಮೀನುಗಾರ ಗೋವಿಂದನ ಬಲೆಗೆ ಬಿದ್ದ ನಾಲ್ಕೂವರೆ ಕಿಲೋದ ಕಾಟ್ಲಾ ಮೀನನ್ನು ಪೂರ್ತಿ ಸಾವಿರ ಕೊಟ್ಟು ಪುಟ್ಟಯ್ಯ ಕೊಂಡರು. ತೊಳೆದು, ಸಾಗುವಾನಿ ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದರು. ಸದ್ದಿಲ್ಲದೆ ಜಗಲಿ ಹತ್ತಿ ಸರ್ವಮಂಗಳಾ ಅವರ ಕೋಣೆಯ ಬಾಗಿಲ ಮುಂದೆ ಇಟ್ಟು ದೋಣಿಯ ಹತ್ತಿರ ಹೋದರು. ಅವರು ಎದ್ದವರೇ ಕಾರಿನ ಡಿಕ್ಕಿಯ ಐಸ್ ಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಲೆಕ್ಕ ಅವರದು. ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಲಕ್ಷ್ಮೀಶರ ತಾಯಿ, ಎಪ್ಪತ್ತೆಂಟರ ಮೂಕಾಂಬಿಕಾ. ಹೂ ಕೊಯ್ದುಕೊಂಡು ಬಂದವರು ಎಲೆಯ ಗಂಟನ್ನು ನೋಡಿ, ಯಾರೋ ಸುವರ್ಣಗಡ್ಡೆ ತಂದಿಟ್ಟಿದ್ದಾರೆ ಎಂದುಕೊಂಡು ನಾರು ಬಿಚ್ಚಿದರು. ಒಳಗಿನಿಂದ ಬಾಲ ಹೊರಗೆ ಬಂತು.

ಆಮೇಲಿನದನ್ನು ಹೇಳುವುದೇ ಬೇಡ. ಕೈಯಲ್ಲಿದ್ದ ಹೂಬುಟ್ಟಿ ಜಗಲಿ ತುಂಬ ಚೆಲ್ಲಿತು, ಲಕ್ಷ್ಮೀಶ ಹಾಸಿಗೆಯಿಂದಲೇ ಓಡಿಬಂದರು. ಎಲೆ ಕಟ್ಟಿದ ರೀತಿ ನೋಡಿಯೇ ಇದು ಯಾರ ಕೈಯ ಕೆಲಸ ಎಂದು ಗೊತ್ತಾಗಿ ದಡಕ್ಕೆ ಬಂದು ನಿಂತರು. "ನಿಂಗೆ ಬುದ್ಧಿ ಎಲ್ಲಿ ಹೋಗಿತ್ತು ಮಾರಾಯ? ಗೊತ್ತಿದ್ದೂ ಗೊತ್ತಿದ್ದೂ ಮನೆ ಜಗಲಿಗೆ ತಂದಿಟ್ಟಿದ್ದೀಯಲ್ಲ. ಯಾರು ಹೇಳಿದ್ರು ನಿಂಗೆ?"

ಪುಟ್ಟಯ್ಯ ಬಾಯಿ ಬಿಡಲಿಲ್ಲ. ಹೇಳಬೇಡಿ ಎಂದು ಆ ಅಮ್ಮ ಹೇಳಿದ್ದಾರೆ, ಹೇಳಿದರೆ ಅವರ ಮಾನ ಹೋಗುತ್ತದೆ. ಲಕ್ಷ್ಮೀಶ ಎರಡು ಸಲ ಕೇಳಿದರು, ಮೂರು ಸಲ ಕೇಳಿದರು. ಇವತ್ತಿನಿಂದ ದೋಣಿಯ ಹತ್ತಿರ ಬರುವುದು ಬೇಡ ಎಂದಾಯಿತು. ಪುಟ್ಟಯ್ಯ ಹುಟ್ಟನ್ನು ದೋಣಿಯೊಳಗೆ ಮಲಗಿಸಿ, ಜಗಲಿಯಿಂದ ಮೀನಿನ ಗಂಟು ಎತ್ತಿಕೊಂಡು ಮನೆ ದಾರಿ ಹಿಡಿದರು. ಆ ಅರ್ಧ ಮೈಲಿಯಷ್ಟು ಉದ್ದದ ದಾರಿ ತಾನು ನಡೆದದ್ದೇ ಇಲ್ಲ ಎನ್ನುತ್ತಾರೆ.

ಏಳು ಗಂಟೆಗೆ ಸರ್ವಮಂಗಳಾ ಗಾಳದ ಕೋಲು ಹಿಡಿದು ಹೊರಗೆ ಬಂದರೆ ಗೈಡ್ ಇಲ್ಲ, ಮೂಕಾಂಬಿಕಾ ಕೊಡಪಾನ ಕೊಡಪಾನ ನೀರು ಸುರಿದು ಜಗಲಿ ತೊಳೆಯುತ್ತಿದ್ದಾರೆ. ನಡೆದದ್ದನ್ನು ಲಕ್ಷ್ಮೀಶ ಸಂಕೋಚದಿಂದ ಹೇಳಿ ಕ್ಷಮೆ ಕೇಳಿದರು. ಸರ್ವಮಂಗಳಾ ಅವರಿಗೆ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಮುದುಕಿಗೆ. ಮದುವೆಯಾಗಿ ಬಂದಾಗಿನಿಂದ ಈ ದಡದಲ್ಲಿದ್ದವರು, ಮೀನು ಮುಟ್ಟದಿದ್ದರೂ ಮೀನಿನವರ ರೀತಿ ನೋಡಿದವರು. ಪೊರಕೆ ನಿಲ್ಲಿಸಿ ಕೇಳಿದರು: "ನೀವೇನಾದ್ರೂ ನಿನ್ನೆ ಸಂಜೆ ನೀರಿನ ಹತ್ರ ಅವನ ಕೈಗೆ ದುಡ್ಡು ಕೊಟ್ರಾ?"

ಹೌದು ಎಂದರು ಸರ್ವಮಂಗಳಾ. ಹೇಳಬೇಡಿ ಎಂದದ್ದನ್ನೂ ಮುಚ್ಚಿಡಲಿಲ್ಲ. ಹೇಳುವಾಗ ಅವರ ಮುಖ ಕೆಂಪಾಯಿತು. ಮೂಕಾಂಬಿಕಾ ಮಗನ ಕಡೆ ತಿರುಗಿ, "ಅವ ತಪ್ಪು ಮಾಡ್ಲಿಲ್ಲ, ಮಾಣಿ. ಮಾಡ್ಬೇಕಾದ್ದೇ ಮಾಡಿದ" ಎಂದು ಮತ್ತೆ ಪೊರಕೆ ಹಿಡಿದರು. ಲಕ್ಷ್ಮೀಶ ತಲೆ ಕೆರೆದುಕೊಂಡು ಒಳಗೆ ಹೋದರು.

ಸರ್ವಮಂಗಳಾ ದಾರಿ ಕೇಳಿಕೊಂಡು ಪುಟ್ಟಯ್ಯನವರ ಮನೆಗೆ ಹೋದಾಗ ಕಾಟ್ಲಾ ಆಗಲೇ ತುಂಡಾಗಿತ್ತು. ಮೀನು ಯಾರಿಗೂ ಕಾಯುವುದಿಲ್ಲ ಎಂದು ಕಮಲಕ್ಕ ಅದನ್ನು ಏಳು ಮನೆಗೆ ಹಂಚಿದ್ದರು. ಅತಿಥಿಯನ್ನು ಕಂಡು ಪುಟ್ಟಯ್ಯ ಮೊದಲು ಹೇಳಿದ್ದು ದುಡ್ಡಿನ ಮಾತು. ನಿಮ್ಮ ಮೀನು ನಿಮಗೆ ಮುಟ್ಟಲಿಲ್ಲ, ನಮ್ಮವರ ಹೊಟ್ಟೆಗೆ ಹೋಯಿತು, ಸಾವಿರವನ್ನು ಹೇಗಾದರೂ ಹಿಂದಕ್ಕೆ ಕೊಡುತ್ತೇನೆ ಎಂದರು. ಆ ದುಡ್ಡು ಮೀನಿಗಲ್ಲ, ತಾನು ಮೀನು ತಿನ್ನುವವಳೇ ಅಲ್ಲ ಎಂದು ಸರ್ವಮಂಗಳಾ ಬಿಡಿಸಿ ಹೇಳಬೇಕಾಯಿತು.

"ಹಂಗಾದ್ರೆ ಎಂತಕ್ಕೆ?"

"ನೀವು ಮೀನು ತೋರಿಸಿದ್ದಕ್ಕೆ, ಪುಟ್ಟಯ್ಯನವರೇ. ಅತ್ತಿಹಣ್ಣು ನನಗೆ ಹೊಳೆಯುತ್ತಿತ್ತಾ?"

"ಅದಕ್ಕೆ ಕೂಲಿ ಬಂತಲ್ಲ."

"ಕೂಲಿ ಹುಟ್ಟು ಹಾಕಿದ್ದಕ್ಕೆ. ಇದು ನಿಮಗೆ ಗೊತ್ತಿರುವುದಕ್ಕೆ."

ಪುಟ್ಟಯ್ಯ ಇದನ್ನು ನಂಬಲಿಲ್ಲ. ಬೆನ್ನು ಹೊತ್ತದ್ದಕ್ಕೆ, ಕೈ ದುಡಿದದ್ದಕ್ಕೆ ದುಡ್ಡು ಕೊಟ್ಟವರನ್ನು ನೋಡಿದ್ದಾರೆ. ಗೊತ್ತಿರುವುದಕ್ಕೆ ದುಡ್ಡು ಕೊಡುವವರನ್ನು ನೋಡಿರಲಿಲ್ಲ. ಗೊತ್ತಿದೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲೂ ಇಲ್ಲ. ಬಾಗಿಲ ಹತ್ತಿರ ಕೂತು ಕೇಳುತ್ತಿದ್ದ ಕಮಲಕ್ಕನಿಗೆ ಮಾತ್ರ ತಟ್ಟನೆ ಅರ್ಥವಾಯಿತು. ಹಾಗೆ ಕೊಡುವುದಾದರೆ ಅದಕ್ಕೊಂದು ಕ್ರಮ ಇಲ್ಲವೇ ಎಂದರು. ಕೊಡುವವರು ಯಾರಾದರೂ ಆಗಲಿ, ದಡದಲ್ಲಿ ಕೊಡಬಾರದು. ಮನೆಗೆ ಕೊಡಬೇಕು, ಎಲೆ ಅಡಿಕೆಯ ಮೇಲೆ ಇಟ್ಟು ಕೊಡಬೇಕು. ಭಟ್ಟರಿಗೆ ಹಾಗೆ ಕೊಡುತ್ತಾರೆ, ಮನೆ ಕಟ್ಟಿದ ಆಚಾರಿಗೆ ಹಾಗೆ ಕೊಡುತ್ತಾರೆ, ಹೆರಿಗೆ ಮಾಡಿಸಿದ ಸೂಲಗಿತ್ತಿಗೂ ಹಾಗೆಯೇ. "ಗೊತ್ತಿದ್ದವ್ರಿಗೆ ಕೊಡೋದು ಹಂಗೆ ಅಮ್ಮ. ನಮ್ಮನೆಯವ್ರಿಗೆ ಯಾರೂ ಕೊಟ್ಟಿಲ್ಲ ಅಷ್ಟೇ."

ಎರಡನೇ ದಿನದ ಮಧ್ಯಾಹ್ನದಿಂದ ದೋಣಿ ಮತ್ತೆ ನೀರಿಗಿಳಿಯಿತು. ಲಕ್ಷ್ಮೀಶ ದಡಕ್ಕೆ ಬಂದು, ಹೋಗಿ ಬಾ ಮಾರಾಯ, ಆದದ್ದಾಯಿತು ಎಂದರು. ಅವರ ಕ್ಷಮಾಪಣೆಯ ಅಳತೆ ಅಷ್ಟೇ, ಪುಟ್ಟಯ್ಯನವರಿಗೆ ಅಷ್ಟು ಸಾಕಾಯಿತು. ಮೂರನೇ ದಿನ ಹೊರಡುವ ಮುಂಚೆ ಸರ್ವಮಂಗಳಾ ಆ ಮನೆಗೆ ಮತ್ತೊಮ್ಮೆ ಬಂದರು. ಕೈಯಲ್ಲಿ ಮೂಕಾಂಬಿಕಾ ತಮ್ಮ ಹಿತ್ತಲಿನ ಬಳ್ಳಿಯಿಂದ ಕೊಯ್ದು ಕೊಟ್ಟ ವೀಳ್ಯದೆಲೆ, ಎರಡು ಅಡಿಕೆ. ಎಲೆಯ ಮೇಲೆ ನೋಟಿಟ್ಟು ಮುಂದೆ ಹಿಡಿದರು. ನಲವತ್ತು ವರ್ಷ ಅಂಗಳದಲ್ಲಿ ನಿಂತು ಒಂದು ಕೈ ಚಾಚಿ ಕೂಲಿ ತೆಗೆದುಕೊಂಡ ಪುಟ್ಟಯ್ಯನವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಎರಡೂ ಕೈ ಹಿಡಿಯಿರಿ ಎಂದು ಕಮಲಕ್ಕ ಹಿಂದಿನಿಂದ ಪಿಸುಗುಟ್ಟಿದರು. ಹಿಡಿದರು. ಕಣ್ಣು ತುಂಬಿಬಂತು ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಎಷ್ಟು ಕೊಟ್ಟರೆಂದು ಕೇಳಿದರೆ ಮಾತ್ರ ಹೇಳುವುದಿಲ್ಲ.

ಆ ವರ್ಷ ಸರ್ವಮಂಗಳಾ ಅವರ ಪರಿಚಯದ ಎಂಟು ಜನ ಬಂದರು, ಮರುವರ್ಷ ಅವರ ಪರಿಚಯದವರು. ಕಳೆದ ಸೀಸನ್ನಿನಲ್ಲಿ ಪುಟ್ಟಯ್ಯ ಅರವತ್ತನಾಲ್ಕು ದಿನ ದೋಣಿ ಹತ್ತಿದ್ದಾರೆ. ದಿನಕ್ಕೆ ಏಳೆಂಟು ಕಿಲೋಮೀಟರ್ ಹುಟ್ಟು ಹಾಕುತ್ತಾರೆ. ಅತಿಥಿ ಕೊಡುವ ಸಾವಿರದೈನೂರರಲ್ಲಿ ಅವರಿಗೆ ಬರುವುದು ಈಗಲೂ ಅರ್ಧಕ್ಕಿಂತ ಕಡಿಮೆ. ಮಳೆಗಾಲದ ನಾಲ್ಕು ತಿಂಗಳು ಕೆಲಸವೇ ಇಲ್ಲ, ಆಗ ಕಮಲಕ್ಕನ ದುಡಿಮೆಯಲ್ಲೇ ಮನೆ ನಡೆಯಬೇಕು. ಮೇ ತಿಂಗಳ ನಡಿಗೆಗಂತೂ ಯಾರೂ ಏನೂ ಕೊಡುವುದಿಲ್ಲ. ಅದನ್ನು ಕೆಲಸ ಎಂದು ಲೆಕ್ಕಕ್ಕೆ ಹಿಡಿದವರೂ ಇಲ್ಲ. ಚಹದಂಗಡಿಯ ತಮಾಷೆಯೂ ನಿಂತಿಲ್ಲ. ಒಂದು ಬದಲಾವಣೆ ಆಗಿದೆ. ಟಿಪ್ಸ್ ಕೇಳಿದ ಅತಿಥಿಗಳಿಗೆ ಲಕ್ಷ್ಮೀಶ ಈಗ ನಿಮ್ಮಿಷ್ಟ ಎಂದು ಜಾರಿಕೊಳ್ಳುವುದಿಲ್ಲ. ನೀರಿನ ಹತ್ತಿರ ಕೊಡಬೇಡಿ, ಮನೆಗೆ ಹೋಗಿ ಕೊಡಿ ಎಂದು ದಾರಿ ತೋರಿಸುತ್ತಾರೆ.

ಕಳೆದ ತಿಂಗಳು ಪುಟ್ಟಯ್ಯ ಹಿರಿಯ ನಾಗರಿಕರ ಕಾರ್ಡಿಗೆ ಅರ್ಜಿ ಹಾಕಲು ಪಂಚಾಯಿತಿಗೆ ಹೋಗಿದ್ದರು. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಹೆಸರು, ವಯಸ್ಸು ಎಲ್ಲ ಹೊಡೆದು, ಕೆಲಸದ ಕಾಲಂಗೆ ಬಂದಾಗ ಕೇಳದೆಯೇ ಕೂಲಿ ಎಂದು ಹಾಕಲು ಹೊರಟಳು. ಪುಟ್ಟಯ್ಯ ತಡೆದರು. ಮೀನು ತೋರಿಸುವುದು ಎಂದು ಹಾಕು ಎಂದರು. ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಹುಡುಗಿ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿ, ಅಂಥ ಕೆಲಸ ಇದರಲ್ಲಿ ಇಲ್ಲವಲ್ಲ ಎಂದಳು. ಪುಟ್ಟಯ್ಯ ಬಗ್ಗಿ ಪರದೆಯನ್ನು ನೋಡಿದರು.

"ಕೆಳಗೆ ಖಾಲಿ ಜಾಗ ಇದ್ಯಲ್ಲ ತಂಗಿ, ಅಲ್ಲಿ ಬರಿ. ನಿಧಾನಕ್ಕೆ ಬರಿ, ನಾನು ಕಾಯ್ತೀನಿ."